ಕೆಂಪು ಪಟ್ಟಿ

ಲಕ್ವ ಹೊಡೆದು ಬಾಯಿ ಸೊಟ್ಟಗಾಗಿದ್ದ ಬಸ್ ಡ್ರೈವರ್ ಗವಿಯಪ್ಪನಿಗೆ ತಮ್ಮ ಮರಿಸ್ವಾಮಿ ಉಪ್ಪಿಲ್ಲದ ಗಂಜಿ ಕುಡಿಸುತ್ತಿದ್ದ.

“ಸಪ್ಪೆ ಅನ್ನುಸ್ತದಾ ಅಣ್ಣ? ನಾನು ಇಪ್ಪತ್ತು ವರ್ಸದಿಂದ ಇದ್ನೇ ಉಣ್ತಾ ಇವ್ನಿ. ನಿಂಗೂ ಒಗ್ಗೋಯ್ತದೆ.”

ಇಪ್ಪತ್ತು ವರ್ಷದ ಹಿಂದೆ, ಎಲ್ಲರ ಮನೆಗೂ ಬರುವಂತೆ ಅವರ ಮನೆಗೂ ಸರ್ಕಾರದಿಂದ ಜೀನ್ ಪರೀಕ್ಷೆಯ ಕಾಗದದ ಪಟ್ಟಿಗಳು ಬಂದಿದ್ದವು. ಉಗುಳು ಹಚ್ಚಿದರೆ ಲಕ್ವದ ಜೀನ್ ಇದ್ದವರ ಪಟ್ಟಿ ಕೆಂಪಾಗುತ್ತದೆ, ಇಲ್ಲದವರದು ಹಸಿರು. ಕೆಂಪಿನವರು ಉಪ್ಪು ತಿನ್ನುವಂತಿಲ್ಲ, ಸ್ಟೀರಿಂಗ್ ಮುಟ್ಟುವಂತಿಲ್ಲ. ಮದುವೆ ಊಟದಲ್ಲಿ ಅವರ ಪಂಕ್ತಿಯೇ ಬೇರೆ, ಆ ಎಲೆಗಳಿಗೆ ಉಪ್ಪಿನಕಾಯಿ ಬೀಳುವುದಿಲ್ಲ.

ಪಟ್ಟಿಗಳ ಮೇಲೆ ಹೆಸರು ಬರೆಯುವುದು ಹಿರಿಮಗನ ಕೆಲಸ. ತನ್ನ ಪಟ್ಟಿ ಕೆಂಪಾದದ್ದನ್ನು ಕಂಡು ಗವಿಯಪ್ಪ ಅದರ ಮೇಲೆ ತಮ್ಮನ ಹೆಸರನ್ನೂ ತಮ್ಮನ ಹಸಿರು ಪಟ್ಟಿಯ ಮೇಲೆ ತನ್ನ ಹೆಸರನ್ನೂ ಬರೆದಿದ್ದ. ಗವಿಯಪ್ಪನಿಗೆ ಡ್ರೈವರ್ ಕೆಲಸ ಸಿಕ್ಕಿತು. ಮರಿಸ್ವಾಮಿಗೆ ಹೆಣ್ಣು ಕೊಡುವವರೂ ಸಿಗಲಿಲ್ಲ.

ಈಗ ಅದನ್ನು ಹೇಳಿಬಿಡೋಣವೆಂದು ಗವಿಯಪ್ಪ ಬಾಯಿ ತೆರೆದ. ನಾಲಗೆ ಹೊರಳಲಿಲ್ಲ. ಗಂಜಿಯ ಜೊತೆ ಕಣ್ಣೀರೂ ಗಲ್ಲಕ್ಕೆ ಇಳಿಯಿತು.

ಮರಿಸ್ವಾಮಿ ಎರಡನ್ನೂ ತನ್ನ ಟವೆಲಿನಿಂದ ಒರೆಸಿ ತಲೆ ತಗ್ಗಿಸಿದ.

“ನಂಗೆ ಬರಬೇಕಾದ್ದು ನಿಂಗೆ ಬಂದ್ಬುಡ್ತಲ್ಲಣ್ಣ. ನಿನ್ ಮುಖ ನೋಡಕ್ಕೇ ನಾಚ್ಕೆ ಆಯ್ತದೆ ನಂಗೆ.”