ಗೋಡೆ ದಾಟಿದ ಮಳೆ

ಒಬ್ಬರ ಮನೆಯ ಮಳೆ ಪಕ್ಕದವರ ಕಾಂಪೌಂಡಿಗೆ ಬೀಳಬಾರದು ಎಂದು ನಮ್ಮ ಬಡಾವಣೆಯ ಕ್ರಯಪತ್ರದಲ್ಲೇ ಇದೆ. ಎರಡು ತಿಂಗಳ ಹಿಂದೆ ಪಕ್ಕದ ಮನೆಯ ಮಾದಯ್ಯನವರ ಮಳೆ ನನ್ನ ಸಂಡಿಗೆಯನ್ನು ನೆನೆಸಿದಾಗ ದೂರು ಕೊಟ್ಟವಳು ನಾನೇ. ಸಂಘದವರು ಅವರ ಮಳೆಯನ್ನು ನಿಲ್ಲಿಸಿಬಿಟ್ಟರು. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ಅವರ ಕುಂಡಗಳಲ್ಲಿ ಕನಕಾಂಬರ ಒಣಗುವುದನ್ನು ನೋಡಲಾಗದೆ ಇವತ್ತು ಬೆಳಿಗ್ಗೆ ನನ್ನ ಮಳೆಯನ್ನು ಒಂದಿಷ್ಟು ಆ ಕಡೆಗೆ ತಿರುಗಿಸಿದ್ದೆ.

ಹತ್ತು ಗಂಟೆಗೆ ಸಂಘದ ಕಾರ್ಯದರ್ಶಿ ಅನಸೂಯಾ ವಾರದ ತಪಾಸಣೆಗೆ ಬಂದರು. ಮಾದಯ್ಯನವರ ಕಡೆಯ ಗೋಡೆಯನ್ನು ಮುಟ್ಟಿ ನೋಡಿದರು. ನಾನು ಗೋಡೆಯ ಈಚೆ ನಿಂತಿದ್ದೆ.

"ಒದ್ದೆ ಇದೆಯಲ್ಲ ಮಾದಯ್ಯನೋರೆ. ಇವರ ಮಳೆ ಬಿತ್ತಾ? ಹೂಂ ಅನ್ನಿ, ಇವತ್ತೇ ಇವರದ್ದೂ ನಿಲ್ಲಿಸ್ತೀವಿ."

ಮಾದಯ್ಯನವರು ನನ್ನನ್ನೇ ನೋಡಿದರು. ಮಳೆಯಿಲ್ಲದೆ ಒಣಗಿದ ನನ್ನ ಸೊಪ್ಪಿನ ಮಡಿಗಳು ಕಣ್ಣ ಮುಂದೆ ಬಂದವು.

"ನಾನು ಬಾಯಿ ಮುಕ್ಕಳಿಸಿ ಉಗಿದಿದ್ದು," ಎಂದರು.

"ಇಷ್ಟೆತ್ತರಕ್ಕಾ?"

"ಇವರ ಮೇಲೆ ಸಿಟ್ಟು ಅಷ್ಟಿದೆ ಮೇಡಂ."

ಅನಸೂಯಾ ಅದನ್ನೇ ಬರೆದುಕೊಂಡು ಹೋದರು. ಮಾದಯ್ಯನವರು ಮತ್ತೆ ನನ್ನ ಕಡೆ ತಿರುಗಿಯೂ ನೋಡದೆ, ಕನಕಾಂಬರದ ಕುಂಡಗಳನ್ನು ಒಂದೊಂದಾಗಿ ಗೋಡೆಯ ಬುಡಕ್ಕೆ ಎಳೆದಿಟ್ಟರು.