ಅರ್ಧ ನಿಮಿಷಕ್ಕೊಮ್ಮೆ ಖಾಲಿಯಾಗುತ್ತಿದ್ದ ಪೇಜು

ರಾಣೆಬೆನ್ನೂರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡ ಒಬ್ಬ ವ್ಯಾಪಾರಿ... ಹೆಸರು ಗುರುಪಾದಪ್ಪ. ಒಳ್ಳೆಯ ಮನುಷ್ಯ. ತಾಳ್ಮೆ ಮಾತ್ರ ಚೂರೂ ಇಲ್ಲ.

ಅವರಿಗೆ ಒಬ್ಬಳೇ ಮಗಳು, ಶಿವಲೀಲಾ. ಓದಿನಲ್ಲಿ ಜಾಣೆ. ಆದರೆ ಚಿಕ್ಕಂದಿನಿಂದ ಮಾತಿನಲ್ಲಿ ಉಗ್ಗು...

ಅವಳು ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡರೆ ಸಾಕು, ಉಳಿದ ಮಾತನ್ನು ಅಪ್ಪನೇ ಮುಗಿಸಿಬಿಡುತ್ತಿದ್ದರು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಡಾಕ್ಟರ ಮುಂದೆ... ಎಲ್ಲ ಕಡೆ ಇದೇ.

ಪ್ರೀತಿಯಿಂದಲೇ ಮಾಡುತ್ತಿದ್ದರು ಅನ್ನಿ. ಮಗಳಿಗೆ ನಾಲ್ಕು ಜನರ ಎದುರು ಮುಜುಗರ ಆಗಬಾರದು ಅಂತ. ಅವಳಿಗೆ ಹೇಗನ್ನಿಸುತ್ತದೆ ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ.

ಈ ವರ್ಷ ಶಿವಲೀಲಾಗೆ ಪಶುಸಂಗೋಪನೆ ಡಿಪ್ಲೊಮಾ ಸೇರುವ ಆಸೆ. ಅರ್ಜಿ ಆನ್‌ಲೈನ್‌ನಲ್ಲಿ, ಮೊದಲು ತುಂಬಿದವರಿಗೆ ಸೀಟು. ತಪ್ಪಿದರೆ ಒಂದು ವರ್ಷ ಮನೆಯಲ್ಲೇ...

ಆ ದಿನ ಬೆಳಿಗ್ಗೆ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಮುಂದೆ ಇಬ್ಬರೂ ಕೂತರು. ಲಿಂಕ್ ಇನ್ನೂ ತೆರೆದಿರಲಿಲ್ಲ. ರಿಫ್ರೆಶ್ ಒತ್ತಿ ಒತ್ತಿ ಗುರುಪಾದಪ್ಪನವರಿಗೆ ಬೇಜಾರಾಯಿತು.

ಫೋನಿನಲ್ಲಿ ಒಂದು ವಿಡಿಯೋ ಹುಡುಕಿ, ಅದರಲ್ಲಿ ಹೇಳಿದಂತೆ ಬ್ರೌಸರ್‌ಗೆ ಆಟೋ ರಿಫ್ರೆಶ್ ಎಕ್ಸ್‌ಟೆನ್ಷನ್ ಹಾಕಿದರು. ಅರ್ಧ ನಿಮಿಷ ಅಂತ ಟೈಮ್ ಕೊಟ್ಟು ಸ್ಟಾರ್ಟ್ ಒತ್ತಿದರು. ಈಗ ಪೇಜು ತಾನಾಗಿಯೇ ರಿಫ್ರೆಶ್ ಆಗತೊಡಗಿತು.

"ನೋಡವ್ವಾ, ನಿಮ್ಮಪ್ಪ ಏನ್ ಕಡಿಮಿ ಇಲ್ಲ!" ಅಂತ ಮೀಸೆ ಮೇಲೆ ಕೈಯಾಡಿಸಿದರು.

ಲಿಂಕ್ ತೆರೆಯಿತು... ಕೀಬೋರ್ಡ್ ಮಗಳ ಕೈಯಲ್ಲಿ. ಮೌಸನ್ನು ಮಾತ್ರ ಅಪ್ಪ ಬಿಡಲಿಲ್ಲ.

ಹೆಸರು, ವಿಳಾಸ, ಮಾರ್ಕ್ಸ್... ಕೊನೆಗೆ ಒಂದು ಪ್ರಶ್ನೆ, "ಈ ಕೋರ್ಸ್ ನಿಮಗೆ ಯಾಕೆ ಬೇಕು?" ಅವಳು ಉತ್ತರ ಬರೆಯಲು ಶುರು ಮಾಡಿದ್ದಳಷ್ಟೇ... ಪೇಜು ಪೂರ್ತಿ ಖಾಲಿ!

ಮತ್ತೆ ತುಂಬಿದಳು. ಮತ್ತೆ ಖಾಲಿ. ಮೇಲೆ ತೋರಿಸುತ್ತಿದ್ದ ಉಳಿದ ಸೀಟುಗಳು ಮಾತ್ರ ಪ್ರತಿ ಸಲ ಇಳಿಯುತ್ತಾ ಹೋದವು.

"ಸರ್ವರ್ ಬಿಜಿ ಐತಿ. ಲಗೂನ ಹೊಡಿಯವ್ವಾ!"

"ಅಪ್ಪಾ, ನೀ... ನೀ..."

"ನೀರು ಬೇಕಾ? ಆಮ್ಯಾಲೆ ಕುಡಿಯಾಕಂತಿ. ಮೊದ್ಲು ಇದನ್ನ ಮುಗ್ಸು."

"ಅಲ್ಲಪ್ಪಾ, ಹ... ಹ..."

"ಹೆದರಬ್ಯಾಡ! ನಾ ಅದೀನಲ್ಲ!"

ಮತ್ತೆ ಖಾಲಿ... ಗುರುಪಾದಪ್ಪನವರ ದನಿ ಏರಿತು.

ನಿಜ ಹೇಳಬೇಕೆಂದರೆ, ಕಾರಣ ಅವಳಿಗೆ ಆಗಲೇ ಹೊಳೆದಿತ್ತು. ಅದನ್ನು ಹೇಳಿ ಮುಗಿಸಲು ಅಪ್ಪ ಬಿಡಬೇಕಲ್ಲ!

ಶಿವಲೀಲಾ ಎದ್ದು ನಿಂತಳು. ಅಪ್ಪನ ಬಾಯಿಯ ಮೇಲೆ ಅಂಗೈ ಇಟ್ಟು ಮುಚ್ಚಿಬಿಟ್ಟಳು.

ಒಂದು ದಿನವೂ ಎದುರು ಮಾತಾಡದ ಮಗಳು! ಗುರುಪಾದಪ್ಪ ಕಣ್ಣು ಕಣ್ಣು ಬಿಟ್ಟರು.

"ಅಪ್ಪಾ... ನೀ ಹ-ಹಚ್ಚಿದ್ದು... ಆ ಆಟೋ ರಿ-ರಿಫ್ರೆಶ್... ಅದು ಇನ್ನೂ ನಡ್ಯಾಕತ್ತೈತಿ. ನಾ ಬರ್ದು ಮು-ಮುಗ್ಸೋದ್ರಾಗ ಎಲ್ಲಾ ಅಳಿಸ್ತೈತಿ..."

ಕೈ ತೆಗೆದು, ಮೆಲ್ಲಗೆ ಹೇಳಿದಳು, "ನೀನೂ... ನನ್ ಜೋಡಿ ಹ-ಹಂಗ ಮಾಡ್ತಿಯಪ್ಪಾ."

ಗುರುಪಾದಪ್ಪ ಆಟೋ ರಿಫ್ರೆಶ್ ನಿಲ್ಲಿಸಿದರು. ಮೌಸನ್ನು ಮಗಳ ಕಡೆ ಸರಿಸಿ, ಎದ್ದು ಹೋಗಿ ಅಂಗಡಿ ಬಾಗಿಲಲ್ಲಿ ನಿಂತರು.

ಗಿರಾಕಿಯೊಬ್ಬರು ಬಂದು ಕುಕ್ಕರ್ ಕೇಳಿದರು.

"ಸ್ವಲ್ಪ ತಡೀರಿ... ನನ್ ಮಗಳು ಬರ್ಯಾಕತ್ತಾಳ" ಅಂದರು.

ಕೊನೆಗೆ ಅರ್ಜಿ ಸಬ್‌ಮಿಟ್ ಆಯಿತು. ಉಳಿದಿದ್ದ ಕೆಲವೇ ಸೀಟುಗಳಲ್ಲಿ ಒಂದು ಅವಳಿಗೆ ಸಿಕ್ಕಿತು.

ಅಪ್ಪ ಹತ್ತಿರ ಬಂದು ಕೇಳಿದರು, "ಈ ಕೋರ್ಸ್ ಯಾಕ ಬೇಕು ಅಂತ ಕೇಳಿದ್ರಲ್ಲ... ಏನ್ ಬರ್ದಿ?"

"ಎ... ಎ..."

ಯಾವುದೋ ಪದ ಅಪ್ಪನ ನಾಲಿಗೆ ತುದಿಗೆ ಬಂತು. ನುಂಗಿಕೊಂಡರು. ಕಾದರು... ಗಿರಾಕಿಯೂ ಕಾದರು.

"ಎ-ಎಮ್ಮಿ... ನಮ್ಮ ಓಣಿ ಎಮ್ಮಿ ಮುಂದ ಮಾತಾಡಿದ್ರ... ನಾ ಮು-ಮುಗ್ಸೋ ತನಕ ಅದು ಸುಮ್ನ ಕೇಳ್ತೈತಿ... ಅಂತ ಬರ್ದೆ."

ಗುರುಪಾದಪ್ಪ ಹೆಗಲ ಮೇಲಿನ ಟವೆಲ್‌ನಿಂದ ಮುಖ ಮುಚ್ಚಿಕೊಂಡು, ಗಿರಾಕಿಯ ಎದುರೇ ಗಳಗಳನೆ ಅತ್ತುಬಿಟ್ಟರು.

*ನಮ್ಮವರಿಗೆ ನಾವು ಮಾಡಬಹುದಾದ ದೊಡ್ಡ ಸಹಾಯ, ಅವರ ಮಾತು ಮುಗಿಯುವವರೆಗೆ ಸುಮ್ಮನೆ ಕೂತು ಕೇಳುವುದು.*

ನಿಮ್ಮ ಮನೆಯಲ್ಲಿ ಇವತ್ತು ಯಾರ ಮಾತು ಅರ್ಧಕ್ಕೇ ನಿಂತಿದೆ...?