ಅವರೆ ಹಿತುಕಿದ ಹೆಬ್ಬೆಟ್ಟು

ಯಂತ್ರ ಮೂರನೇ ಸಲವೂ ಕೆಂಪು ದೀಪ ಹೊತ್ತಿಸಿ ಕುಂಯ್ ಎಂದಿತು.

"ಹೆಬ್ಬೆಟ್ಟು ತಗೊಳ್ತಿಲ್ಲ ಕಣಮ್ಮ," ಎಂದ ಇಟ್ಟಮಡುವಿನ ರೇಷನ್ ಅಂಗಡಿಯ ಗಂಗಾಧರಯ್ಯ. "ಹೋದ ವಾರಾನೇ ಹೇಳಿರ್ಲಿಲ್ವಾ? ಅವರೆಕಾಯಿ ಸೀಸನ್ನಲ್ಲಿ ನಿನ್ನ ಬೆರಳಲ್ಲಿ ಗೆರೇನೇ ಇರಲ್ಲ, ಮೂರು ದಿನ ಕೈಗೆ ರಜ ಕೊಟ್ಟು ಬಾ ಅಂತ."

"ಕೊಟ್ಟೆನಲ್ಲ ಗಂಗಣ್ಣ! ಮೂರು ದಿನ ಕೊಬ್ಬರಿ ಎಣ್ಣೆ ಹಚ್ಕೊಂಡು ಮದುವಣಗಿತ್ತಿ ಥರ ಕೂತಿದ್ದೆ."

"ಮತ್ತೆ ಅದೇನದು ಬಕೆಟ್ಟು?"

ಮುನಿಲಕ್ಷ್ಮಮ್ಮ ನಾಲಗೆ ಕಚ್ಚಿಕೊಂಡಳು. ಬಕೆಟ್ಟಿನಲ್ಲಿ ನೆನೆಸಿದ ಅವರೆಕಾಳು. ಒಂದೊಂದನ್ನೇ ಬೆರಳಲ್ಲಿ ಒತ್ತಿ, ಸಿಪ್ಪೆಯಿಂದ ಪುಳಕ್ಕನೆ ಹಾರಿಸಿ ಹಿತುಕಿದ ಬೇಳೆ ಮಾಡಿ ಮಾರುವುದು ಅವಳ ಬದುಕು. ಜಯನಗರದ ಅಲಮೇಲು ಮೇಡಂ ಸಂಜೆಗೆ ಎರಡು ಕೆಜಿ ಬೇಕೆಂದಿದ್ದರು. ರೇಷನ್ ಕ್ಯೂ ಅಂದರೆ ಮೂರು ಗಂಟೆ. ಸುಮ್ಮನೆ ಕೂರುವುದೇಕೆ, ಎಡಗೈಲಿ ನಾಲ್ಕು ಕಾಳು ಹಿತುಕೋಣ ಎಂದು ತಂದಿದ್ದಳು. ಪಕ್ಕದವರ ಜೊತೆ ಮಾತಿಗೆ ಕೂತದ್ದೇ ತಡ, ಹಾಳಾದ ಬಲಗೈ ಹೇಳದೆ ಕೇಳದೆ ತಾನೂ ಬಕೆಟ್ಟಿಗಿಳಿದಿತ್ತು. ಮೂರು ದಿನದ ಎಣ್ಣೆ ನೀರುಪಾಲು.

ಇವತ್ತು ಡಿಸೆಂಬರ್ ಮೂವತ್ತೊಂದು. ಸಂಜೆಯೊಳಗೆ ಬೆರಳು ಒತ್ತದಿದ್ದರೆ ಈ ತಿಂಗಳ ಅಕ್ಕಿ ಹೋದ ಹಾಗೇ. ಕಾರ್ಡಿನಲ್ಲಿ ಇರುವುದು ಎರಡೇ ಹೆಸರು, ಅವಳದು ಮತ್ತು ಮೊಮ್ಮಗಳು ರಮ್ಯಳದು. ರಮ್ಯ ಇನ್ನೂ ಒಂದನೇ ಕ್ಲಾಸು, ಅವಳ ಬೆರಳು ನಡೆಯುವುದಿಲ್ಲ. ಊರಿಗೆಲ್ಲ ಬೇಳೆ ಹಿತುಕಿಕೊಟ್ಟು ಮನೆಯ ಕೂಸಿಗೆ ಗಂಜಿ ಕಾಯಿಸಬೇಕೇ? 

"ತಲೇಗೆ ಉಜ್ಜಮ್ಮ, ಜಿಡ್ಡು ಹತ್ಲಿ!" ಕ್ಯೂನ ಹಿಂದಿನಿಂದ ಉಗ್ರಪ್ಪ ಕೂಗಿದ. ಉಜ್ಜಿದಳು. ಕುಂಯ್. ಅವನ ಮುಂದೆ ನಿಂತಿದ್ದ ಮೀನಾಕ್ಷಮ್ಮ ಪರ್ಸಿನಿಂದ ವ್ಯಾಸಲೀನ್ ತೆಗೆದು ತಾನೇ ಸವರಿದಳು. ಕುಂಯ್. ಇನ್ಯಾರೋ ಸೆರಗಲ್ಲಿ ಒರೆಸು ಎಂದರು, ಮತ್ಯಾರೋ ಬಿಸಿಲಿಗೆ ಹಿಡಿ ಎಂದರು. ಕ್ಯೂ ಮುರಿದು ಎಲ್ಲರೂ ಯಂತ್ರದ ಸುತ್ತ ಸೇರಿದರು. ತಮ್ಮ ಅಕ್ಕಿಯ ಚಿಂತೆ ಯಾರಿಗೂ ಇದ್ದಂತಿರಲಿಲ್ಲ.

"ಹೆಬ್ಬೆಟ್ಟೇ ಆಗ್ಬೇಕಾ ಸಾರ್?" ಎಂದಳು ಮೀನಾಕ್ಷಮ್ಮ.

"ಯಾವ ಬೆರಳಾದ್ರೂ ಆಗುತ್ತೆ. ಒಂದೊಂದೇ ಇಡಮ್ಮ, ನೋಡೇಬಿಡೋಣ."

ಬಲಗೈಯ ಐದೂ ಮುಗಿದವು. ಎಡಗೈಯ ನಾಲ್ಕು ಮುಗಿದವು. ಪ್ರತಿ ಕುಂಯ್‌ಗೂ ಜನ "ಛೇ!" ಎಂದರು. ಉಳಿದದ್ದು ಎಡಗೈಯ ಕಿರುಬೆರಳು. ಕಾಳು ಹಿತುಕುವಾಗ ಅದೊಂದು ಮಾತ್ರ ಸೆಟೆದು ಮೇಲೆ ನಿಲ್ಲುತ್ತಿತ್ತು. "ಇದೇನೇ ನಿನ್ನ ಬೆರಳಿಗೆ ಇಷ್ಟು ಬಿಂಕ?" ಎಂದು ಮದುವೆಯಾದ ಹೊಸದರಲ್ಲಿ ಅತ್ತೆ ಬೈದದ್ದೂ ಉಂಟು. ಮುನಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು ಒತ್ತಿದಳು.

ಟಿಂಗ್! ಹಸಿರು ದೀಪ.

"ಬಂತು, ಬಂತು!" ಉಗ್ರಪ್ಪ ಶಿಳ್ಳೆಯನ್ನೇ ಹೊಡೆದ. ಗಂಗಾಧರಯ್ಯ ನಗುತ್ತಾ ಅಕ್ಕಿ ತೂಗತೊಡಗಿದ.

ಮುನಿಲಕ್ಷ್ಮಮ್ಮ ಆ ಬೆರಳನ್ನು ಮುಖದ ಮುಂದೆ ಹಿಡಿದು ತಿರುಗಿಸಿ ನೋಡಿದಳು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಗಂಗಣ್ಣ, ಒಂಬತ್ತು ಬೆರಳು ಹಗಲೆಲ್ಲಾ ದುಡೀತವೆ, ಅವ್ಯಾವೂ ನಾನಲ್ವಂತೆ. ಒಂದು ಕಾಳೂ ಮುಟ್ಟದ ಈ ಸೋಮಾರಿನೇ ಮುನಿಲಕ್ಷ್ಮಮ್ಮ ಅಂತೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಅಕ್ಕಿ ಚೀಲವನ್ನು ಎಳೆದು ಜಗಲಿಗೆ ಒರಗಿಸಿ, ಸಂಜೆಯ ಬೇಳೆ ನೆನಪಾಗಿ ಅಲ್ಲೇ ಕೂತು ಬಕೆಟ್ಟಿಗೆ ಕೈ ಹಾಕಿದಳು. ಮುಂದಿನ ತಿಂಗಳಿಗೆ ಬೇಕಲ್ಲ ಎಂದು, ಆ ಕಿರುಬೆರಳಿಗೆ ಮಾತ್ರ ಸೆರಗಿನ ತುದಿ ಸುತ್ತಿಕೊಂಡಳು.